ಸಂಗೀತಶಾಸ್ತ್ರದ ಉನ್ನತ ಅಧ್ಯಯನ: ಪುಂಡರೀಕ ವಿಠಲನ ನಿದರ್ಶನ

ಸಂಗೀತದ ಸ್ನಾತಕೋತ್ತರ ಅಧ್ಯಯನದಲ್ಲಿ ಪ್ರಯೋಗ, ಶಾಸ್ತ್ರ ಎಂಬ ಎರಡು ಭಾಗಗಳುಂಟು. ಪ್ರಯೋಗಕ್ಕೆ ಗುರುವಿದ್ದಾರೆ, ಸಾಧನೆಯಿದೆ. ಶಾಸ್ತ್ರಭಾಗವಾದರೋ ಬಹುಮಟ್ಟಿಗೆ ಗ್ರಂಥಕಾರರ ಹೆಸರು, ಕಾಲ, ಕೃತಿಗಳ ಕಂಠಪಾಠವಾಗಿಬಿಡುತ್ತದೆ. ಮತಂಗನ ‘ಬೃಹದ್ದೇಶಿ’ಯಿಂದ ವೆಂಕಟಮಖಿಯ ‘ಚತುರ್ದಂಡೀ ಪ್ರಕಾಶಿಕೆ’ಯವರೆಗಿನ ಪಟ್ಟಿಯನ್ನು ಒಪ್ಪಿಸಬಲ್ಲ ವಿದ್ಯಾರ್ಥಿಯು ಅವುಗಳಲ್ಲಿ ಒಂದರ ಒಂದು ಪ್ರಕರಣವನ್ನಾದರೂ ಮೂಲದಲ್ಲಿ ಓದಿರುತ್ತಾನೆಂದು ಹೇಳುವಂತಿಲ್ಲ. ಚರಿತ್ರೆಯನ್ನೂ ಶಾಸ್ತ್ರವನ್ನೂ ಹೀಗೆ ಬೇರ್ಪಡಿಸಿದರೆ ಆಗುವ ನಷ್ಟವನ್ನು ತಿಳಿಯಲು ಪುಂಡರೀಕ ವಿಠಲನೊಬ್ಬನೇ ಸಾಕು.

ಪುಂಡರೀಕನು ಕರ್ಣಾಟ ದೇಶದ ಶಿವಗಂಗೆಯ ಸಮೀಪದ ಸಾತನೂರಿನವನು. 16ನೆಯ ಶತಮಾನದ ಉತ್ತರಾರ್ಧದಲ್ಲಿ ಖಾನದೇಶದ ಬುರಹಾನಪುರಕ್ಕೆ ಹೋಗಿ, ಫಾರೂಕಿ ವಂಶದ ಬುರಹಾನಖಾನನ ಆಶ್ರಯದಲ್ಲಿ ‘ಸದ್ರಾಗಚಂದ್ರೋದಯ’ವನ್ನು ರಚಿಸಿದನು. ಬಳಿಕ ಕಛವಾಹ ರಜಪೂತರ ಆಶ್ರಯದಲ್ಲಿ ‘ರಾಗಮಂಜರಿ’, ಅಕ್ಬರನ ಪ್ರೀತ್ಯರ್ಥವಾಗಿ ‘ನರ್ತನನಿರ್ಣಯ’ ಹೊರಬಂದವು. ‘ರಾಗಮಾಲಾ’ ಎಂಬುದು ಇನ್ನೊಂದು ಕೃತಿ. ಬರೆದುದೆಲ್ಲ ಸಂಸ್ಕೃತದಲ್ಲಾದ ಕಾರಣ ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಅವನಿಗೆ ಎಡೆ ದೊರೆಯದಿದ್ದುದು ಸಹಜವೇ. ಆದರೆ ಹೊರನಾಡ ಕನ್ನಡಿಗರ ಚರಿತ್ರೆಯನ್ನು ಬರೆಯುವವರು ಅವನನ್ನು ಮರೆಯುವಂತಿಲ್ಲ.

ಈತನ ಗ್ರಂಥಗಳಲ್ಲಿ ಓದುಗನನ್ನು ಎಡವಿಸುವ ಸಣ್ಣದೊಂದು ಮಾತುಂಟು: ‘ಶುದ್ಧ ಗಾಂಧಾರ’. ಪುಣೆಯಲ್ಲೋ ಮುಂಬಯಿಯಲ್ಲೋ ಹಿಂದೂಸ್ತಾನಿ ಸಂಗೀತವನ್ನು ಕಲಿತವನಿಗೆ ಶುದ್ಧ ಗಾಂಧಾರವೆಂದರೆ ಬಿಲಾವಲ್ ಥಾಟಿನ ಗಾಂಧಾರ. ಪುಂಡರೀಕನ ಶುದ್ಧಮೇಳವಾದರೋ, ವಿಜಯನಗರದ ರಾಮಾಮಾತ್ಯನು 1550ರಲ್ಲಿ ‘ಸ್ವರಮೇಲಕಲಾನಿಧಿ’ಯಲ್ಲಿ ಹೇಳಿದ ಮುಖಾರಿ. ಅದರ ಶುದ್ಧ ಗಾಂಧಾರವು ಇಂದಿನ ಹಿಂದೂಸ್ತಾನಿಯ ಶುದ್ಧ ರಿಷಭದ ಸ್ಥಾನದಲ್ಲಿದೆ. ಶುದ್ಧ ನಿಷಾದವು ಶುದ್ಧ ಧೈವತದ ಸ್ಥಾನದಲ್ಲಿದೆ. ಹೆಸರೊಂದೇ, ಸ್ಥಾನ ಬೇರೆ. ಇದನ್ನರಿಯದೆ ಓದಿದರೆ ಒಂದು ಸ್ವರ ತಪ್ಪಿದಂತಾಗುವುದಿಲ್ಲ, ಗ್ರಂಥದ ಮೇಳಗಳೆಲ್ಲ ತಲೆಕೆಳಗಾಗುತ್ತವೆ. ಅಕ್ಬರನ ಕಾಲಕ್ಕೇ ಬಿಲಾವಲ್ ಶುದ್ಧಮೇಳವಾಗಿತ್ತೆಂಬ ಇಲ್ಲದ ಸಾಕ್ಷ್ಯವೊಂದು ಹುಟ್ಟಿ, ಒಂದು ಪ್ರಬಂಧದಿಂದ ಇನ್ನೊಂದಕ್ಕೆ ಸಾಗುತ್ತದೆ. ಇದನ್ನು ಪರೀಕ್ಷಿಸುವ ದಾರಿಯೂ ಗ್ರಂಥದಲ್ಲಿಯೇ ಇದೆ. ರಾಮಾಮಾತ್ಯನಂತೆ ಪುಂಡರೀಕನೂ ಸ್ವರಸ್ಥಾನಗಳನ್ನು ವೀಣೆಯ ಮೆಟ್ಟುಗಳ ಮೇಲೆ ನಿರ್ದೇಶಿಸುತ್ತಾನೆ. ಶ್ಲೋಕವನ್ನು ಓದಿ, ತಂತಿಯನ್ನು ಮೀಟಿ ನೋಡುವುದು ಇಲ್ಲಿ ಪಾಠನಿರ್ಣಯದ ಭಾಗವೇ ಆಗುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಕುತೂಹಲಕರವಾದುದು. ‘ಸದ್ರಾಗಚಂದ್ರೋದಯ’ದಲ್ಲಿ ದಕ್ಷಿಣದವರಂತೆ ಮೇಳಗಳ ಮೂಲಕ ರಾಗಗಳನ್ನು ವಿಂಗಡಿಸಿದವನು ‘ರಾಗಮಾಲಾ’ದಲ್ಲಿ ರಾಗಗಳನ್ನು ಪುರುಷರೆಂದೂ ಅವರ ಪತ್ನಿಯರೆಂದೂ ಪುತ್ರರೆಂದೂ ವರ್ಗೀಕರಿಸುತ್ತಾನೆ. ಶಾಸ್ತ್ರವನ್ನಷ್ಟೇ ಬಲ್ಲವನಿಗೆ ಇದು ಸ್ವವಚನವಿರೋಧವಾಗಿ ಕಾಣಬಹುದು. ಚರಿತ್ರೆಯನ್ನು ಬಲ್ಲವನಿಗೆ, ತವರಿನ ಲಕ್ಷಣವನ್ನು ಹೊತ್ತುಹೋದ ವಿದ್ವಾಂಸನೊಬ್ಬನು ತಾನು ಸೇರಿದ ನಾಡಿನ ರೂಢಿಗೆ ಕಿವಿಗೊಟ್ಟ ಗುರುತು ಇಲ್ಲಿ ಕಾಣುತ್ತದೆ. ಮುಂದೆ ವಿಷ್ಣುನಾರಾಯಣ ಭಾತಖಂಡೆಯವರು ಮುಂಬಯಿಯಿಂದ ಹೊರಟು 1904ರಲ್ಲಿ ದಕ್ಷಿಣದ ಪ್ರವಾಸ ಕೈಗೊಂಡು, ಮೇಳತತ್ತ್ವವನ್ನು ಅರಿತು, ಹಿಂದೂಸ್ತಾನಿ ರಾಗಗಳನ್ನು ಹತ್ತು ಥಾಟುಗಳಲ್ಲಿ ಅಡಕಗೊಳಿಸಿದರು. ಆಧುನಿಕ ಕಾಲದ ಈ ಕೊಡುಕೊಳೆಗೆ ಮೂರು ಶತಮಾನಗಳ ಹಿಂದೆಯೇ ಒಬ್ಬ ಕನ್ನಡಿಗನಿದ್ದನೆಂಬುದು ಪಠ್ಯಪುಸ್ತಕಗಳ ಒಂದು ಸಾಲಿನಲ್ಲಿ ಅಡಗಿಹೋಗಿದೆ.

ಮೈಸೂರಿನ ವಿದ್ವಾಂಸ ರಾ. ಸತ್ಯನಾರಾಯಣ ಅವರು ‘ನರ್ತನನಿರ್ಣಯ’ವನ್ನು ಸಂಪಾದಿಸಿದರು. ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು 1990ರ ದಶಕದಲ್ಲಿ ಅದನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿತು. ಹಸ್ತಪ್ರತಿಗಳ ಪಾಠವನ್ನು ತೂಗಿ ನೋಡುವ ಪಾಂಡಿತ್ಯ, ಲಕ್ಷ್ಯ ಲಕ್ಷಣಗಳೆರಡರ ಪರಿಚಯ ಒಬ್ಬರಲ್ಲೇ ಕೂಡಿದಾಗ ಇಂಥ ಕೆಲಸ ಸಾಧ್ಯ. ಎಲ್ಲರಿಂದ ಅದನ್ನು ನಿರೀಕ್ಷಿಸಲಾಗದು. ಇಬ್ಬರು ಕೂಡಿಯಾದರೂ ಮಾಡಬಹುದು. ಮುಂಬಯಿ, ಮದ್ರಾಸು ವಿಶ್ವವಿದ್ಯಾಲಯಗಳಲ್ಲಿ ಕನ್ನಡ ವಿಭಾಗವೂ ಸಂಗೀತ ವಿಭಾಗವೂ ಇವೆ. ಗ್ರಂಥಸಂಪಾದನೆಯನ್ನು ಕಲಿತ ಕನ್ನಡ ವಿದ್ಯಾರ್ಥಿಗೆ ಶ್ರುತಿಜ್ಞಾನವಿಲ್ಲ. ಶ್ರುತಿಜ್ಞಾನವುಳ್ಳ ಸಂಗೀತ ವಿದ್ಯಾರ್ಥಿಗೆ ಪಾಠಾಂತರವೆಂದರೇನೆಂದು ತಿಳಿಯದು. ದೆಹಲಿ ವಿಶ್ವವಿದ್ಯಾಲಯದಲ್ಲಿ ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳ ಬೋಧನೆಯಿರುವುದರಿಂದ ಮುಖಾರಿಯನ್ನೂ ಬಿಲಾವಲನ್ನೂ ಎದುರುಬದುರಾಗಿಟ್ಟು ನೋಡುವ ಅನುಕೂಲ ಅಲ್ಲಿದೆ.

‘ರಾಗಮಂಜರಿ’ಯಲ್ಲಿ ಪುಂಡರೀಕನು ಪಾರಸೀಕ ರಾಗಗಳನ್ನು ಹೆಸರಿಸಿ, ಅವುಗಳಿಗೆ ಸಮೀಪವಾದ ದೇಶೀಯ ರಾಗಗಳನ್ನೂ ಸೂಚಿಸುತ್ತಾನೆ. ಆ ಶ್ಲೋಕಗಳನ್ನು ಬಿಡಿಸಲು ಸಂಸ್ಕೃತವೂ ಸ್ವರಜ್ಞಾನವೂ ಸಾಲವು, ಪಾರಸಿಯೂ ಬೇಕು. ಹೈದರಾಬಾದಿನಲ್ಲಿಯೋ ದೆಹಲಿಯಲ್ಲಿಯೋ ಇರುವ ಕನ್ನಡ ವಿದ್ಯಾರ್ಥಿಗೆ ಆ ಭಾಷೆಯನ್ನು ಕಲಿಸುವ ವಿಭಾಗವು ತನ್ನ ವಿಶ್ವವಿದ್ಯಾಲಯದ ಆವರಣದಲ್ಲಿಯೇ ದೊರೆಯುತ್ತದೆ.