ಡೂಮ್ ಫೋನಿಗೆ ಬಂದಾಗ ನಾಲ್ಕು ಬೈಟಿನ ಗಲಾಟೆ

1993ರ ಡೂಮ್ ಆಟದ ಸೋರ್ಸ್ ಕೋಡನ್ನ ಇಡ್ ಸಾಫ್ಟ್‌ವೇರ್ 1997ರಲ್ಲೇ ಬಿಟ್ಟುಕೊಟ್ಟಿತು. ಪರದೆ, ಧ್ವನಿಯ ಭಾಗಗಳನ್ನ ಎಸ್‌ಡಿಎಲ್‌ಗೆ ಬದಲಾಯಿಸಿ ಆಂಡ್ರಾಯ್ಡ್‌ಗೆ ಕಂಪೈಲ್ ಮಾಡಿದ್ರೆ ಮುಗೀತಲ್ಲ ಅಂತೀರಾ? ಕಂಪೈಲ್ ಏನೋ ಆಗುತ್ತೆ, ರಾಶಿ ವಾರ್ನಿಂಗ್ ಸಮೇತ. ಓಡಿಸಿದ್ರೆ ಕ್ರ್ಯಾಶ್!

ಡೂಮ್ ಬರೆದಾಗ ಪಾಯಿಂಟರ್ ಅಂದ್ರೆ 4 ಬೈಟ್. ಈಗಿನ 64 ಬಿಟ್ ಫೋನಿನಲ್ಲಿ 8. ಗೋಡೆಗಳ ಟೆಕ್ಸ್ಚರ್ ವಿವರ ವ್ಯಾಡ್ ಫೈಲಿನಲ್ಲಿರುತ್ತೆ. ಕೋಡು ಆ ಬೈಟುಗಳನ್ನ ನೇರವಾಗಿ ಒಂದು ಸ್ಟ್ರಕ್ಟ್ ಅಂತ ಭಾವಿಸಿ ಓದುತ್ತೆ. ಅದರೊಳಗೆ ‘ಕಾಲಮ್ ಡೈರೆಕ್ಟರಿ’ ಅನ್ನೋ ಪಾಯಿಂಟರ್ ಇದೆ. ಯಾರಿಗೂ ಬೇಡವಾದದ್ದು, ಪಕ್ಕದ ಕಾಮೆಂಟೇ ಹಾಗನ್ನುತ್ತೆ. ಆದ್ರೂ ಅದು 4 ಬೈಟ್ ಹಿಗ್ಗಿದ ಕೂಡಲೇ ಮುಂದಿನ ಫೀಲ್ಡುಗಳೆಲ್ಲ ಜರುಗಿ, ಓದಿದ್ದೆಲ್ಲ ಕಸ. ಅದರ ಜಾಗದಲ್ಲಿ 32 ಬಿಟ್ ಇಂಟ್ ಇಡಬೇಕು. ಪಾಯಿಂಟರ್‌ಗಳ ಪಟ್ಟಿಗೆ ‘ಸಂಖ್ಯೆ ಗುಣಿಸು 4’ ಅಂತ ಮೆಮೊರಿ ಕೇಳಿರೋ ಸಾಲುಗಳನ್ನೂ ಹುಡುಕಿ ತಿದ್ದಬೇಕು. ಸಿ ಲ್ಯಾಬ್‌ನಲ್ಲಿ ಸೈಜ್‌ಆಫ್ ಅಂದ್ರೆ ಆಕಳಿಸುವವರಿಗೆ ಇದನ್ನ ತೋರಿಸಿ.

ಟಿವಿಯ ತಂಟೆ ಬೇರೆ. ಡೂಮ್ ಚಿತ್ರ 320×200. ಹಳೇ ಮಾನಿಟರ್ ಅದನ್ನ 4:3ಕ್ಕೆ ಎಳೆದು ತೋರಿಸ್ತಿತ್ತು. ಇಂದಿನ ಚೌಕ ಪಿಕ್ಸೆಲ್‌ನಲ್ಲಿ ಹಾಗೇ ಬಿಟ್ರೆ ರಾಕ್ಷಸರೆಲ್ಲ ಕುಳ್ಳಗೆ ಕಾಣ್ತಾರೆ. ಎತ್ತರವನ್ನ 240ರ ಲೆಕ್ಕಕ್ಕೆ ಎಳೀರಿ. ರಿಮೋಟ್ ಮಾತ್ರ ಅಚ್ಚರಿಯಾಗುವಷ್ಟು ಹೊಂದುತ್ತೆ: ಮೂಲ ಡೂಮ್‌ನಲ್ಲಿ ತಲೆ ಎತ್ತಿ ನೋಡೋದೇ ಇಲ್ಲ, ಎತ್ತರದಲ್ಲಿರೋ ಶತ್ರುವಿಗೆ ಗುರಿ ತಾನಾಗೇ ಸಿಗುತ್ತೆ. ನಾಲ್ಕು ಬಾಣದ ಗುಂಡಿ ನಡೆಯೋಕೆ, ಓಕೆ ಗುಂಡು ಹಾರಿಸೋಕೆ. ಬಾಗಿಲು ತೆರೆಯೋಕೆ ಇನ್ನೊಂದು ಬಟನ್ ಹುಡುಕಿ.

ವ್ಯಾಡ್ ಫೈಲ್ ಕೋಡಿನ ಜೊತೆ ಬರಲ್ಲ. ಆಟ ಕೊಳ್ಳಿ, ಇಲ್ಲಾಂದ್ರೆ ಫ್ರೀಡೂಮ್‌ನದ್ದು ಹಾಕಿ.