ಚುಕ್ಕೆ ಗೆರೆಗಳ ಚಿತ್ರ: ಗೆರೆ ಇದ್ದಲ್ಲೆಲ್ಲ ಸಂಬಂಧ ಇದೆಯೇ?

ನಿದ್ದೆ, ಕಾಫಿ, ತಲೆನೋವು, ರಕ್ತದೊತ್ತಡ ಎಂದು ಹೆಸರು ಬರೆದ ಚುಕ್ಕೆಗಳು, ಅವುಗಳ ನಡುವೆ ಗೆರೆಗಳ ಬಲೆ. ಆರೋಗ್ಯದ ಸುದ್ದಿಗಳ ಜೊತೆ ಇಂಥ ಚಿತ್ರಗಳನ್ನು ನೀವು ನೋಡಿರಬಹುದು. ಇದು ನೆಟ್‌ವರ್ಕ್ ಗ್ರಾಫ್. ಚುಕ್ಕೆ ಎಂದರೆ ನೋಡ್, ಗೆರೆ ಎಂದರೆ ಎಡ್ಜ್.

ಇದನ್ನು ಮಾಡುವುದು ಕಷ್ಟವಲ್ಲ. ಪೈಥಾನ್‌ನ ಪಾಂಡಾಸ್ ಲೈಬ್ರರಿಗೆ ಸಮೀಕ್ಷೆಯ ಕೋಷ್ಟಕ ಕೊಟ್ಟರೆ, ಪ್ರತಿ ಎರಡು ಕಾಲಂಗಳ ನಡುವಿನ ಕೊರಿಲೇಷನ್ ಅನ್ನು (-1 ರಿಂದ +1 ರವರೆಗಿನ ಸಂಖ್ಯೆ) ಒಂದೇ ಸಾಲಿನ ಕೋಡ್‌ನಲ್ಲಿ ಲೆಕ್ಕ ಹಾಕುತ್ತದೆ. ಅದರಲ್ಲಿ ನಿದ್ದೆ–ಕಾಫಿ ಒಮ್ಮೆ, ಕಾಫಿ–ನಿದ್ದೆ ಇನ್ನೊಮ್ಮೆ ಬರುತ್ತದೆ. ಒಂದನ್ನು ತೆಗೆಯಬೇಕು. ಉಳಿದ ಜೋಡಿಗಳ ಪಟ್ಟಿಯನ್ನು ನೆಟ್‌ವರ್ಕ್‌ಎಕ್ಸ್ ಲೈಬ್ರರಿಗೆ ಕೊಟ್ಟರೆ ಗ್ರಾಫ್ ಸಿದ್ಧ.

ಆದರೆ ಎಲ್ಲ ಜೋಡಿಗೂ ಗೆರೆ ಎಳೆದರೆ ಸಿಕ್ಕುಬಿದ್ದ ದಾರದ ಉಂಡೆಯಂತೆ ಕಾಣುತ್ತದೆ. ಹಾಗಾಗಿ ಒಂದು ಮಿತಿ ಇಡುತ್ತೇವೆ. ಮಿತಿ 0.3 ಆದರೆ ದಟ್ಟ ಬಲೆ, 0.6 ಆದರೆ ನಾಲ್ಕೈದು ಗೆರೆ. ದತ್ತಾಂಶ ಅದೇ, ಮಿತಿ ಮಾತ್ರ ನಾವು ಆರಿಸಿಕೊಂಡದ್ದು.

ನಿಜವಾದ ಅಪಾಯ ಇರುವುದು ಜೋಡಿಗಳ ಸಂಖ್ಯೆಯಲ್ಲಿ. ಸಮೀಕ್ಷೆಯಲ್ಲಿ 20 ಪ್ರಶ್ನೆಗಳಿದ್ದರೆ 190 ಜೋಡಿಗಳಾಗುತ್ತವೆ. "ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಇದ್ದರೆ ಗೆರೆ" ಎಂಬ ರೂಢಿಯ ನಿಯಮ ಹಾಕಿಕೊಂಡರೆ, ಯಾವುದಕ್ಕೂ ಯಾವುದೂ ಸಂಬಂಧವಿಲ್ಲದಿದ್ದರೂ ಸರಾಸರಿ ಒಂಬತ್ತು ಹತ್ತು ಗೆರೆಗಳು ಬಂದೇ ಬರುತ್ತವೆ! ನಂಬಿಕೆ ಬಾರದಿದ್ದರೆ 20 ಕಾಲಂಗಳಲ್ಲಿ ಬರೀ ರ‍್ಯಾಂಡಮ್ ಸಂಖ್ಯೆ ತುಂಬಿ ಗ್ರಾಫ್ ಮಾಡಿ ನೋಡಿ. ಆ ಚುಕ್ಕೆಗಳಿಗೆ "ಹುಣಸೆಹುಳಿ", "ಮೊಣಕಾಲು ನೋವು" ಎಂದು ಹೆಸರಿಟ್ಟರೆ ಒಂದು ಫಾರ್ವರ್ಡ್ ಮೆಸೇಜ್ ತಯಾರು. ಇದಕ್ಕೆ ಸರಳ ಪರಿಹಾರ ಬಾನ್‌ಫೆರೊನಿ ತಿದ್ದುಪಡಿ: 0.05 ಅನ್ನು 190ರಿಂದ ಭಾಗಿಸಿ, ಸುಮಾರು 0.00026 ಅನ್ನು ಮಿತಿಯಾಗಿಡುವುದು. ಇದು ತುಸು ಕಠಿಣ, ಕೆಲವು ನಿಜವಾದ ಗೆರೆಗಳೂ ಹೋಗಬಹುದು. ಆರೋಗ್ಯದ ವಿಷಯದಲ್ಲಿ ಆ ನಷ್ಟವೇ ವಾಸಿ ಎಂಬುದು ನಮ್ಮ ಅಭಿಪ್ರಾಯ.

ಇನ್ನು ಚುಕ್ಕೆಗಳ ಜಾಗ. ಸ್ಪ್ರಿಂಗ್ ಲೇಔಟ್ ಎಂಬ ವಿಧಾನದಲ್ಲಿ ಗೆರೆಗಳು ಸ್ಪ್ರಿಂಗ್‌ನಂತೆ ಎಳೆಯುತ್ತವೆ, ಚುಕ್ಕೆಗಳು ಒಂದನ್ನೊಂದು ದೂಡುತ್ತವೆ. ಆರಂಭದ ಜಾಗಗಳು ರ‍್ಯಾಂಡಮ್ ಆದ್ದರಿಂದ ಕೋಡ್ ಓಡಿಸಿದಾಗಲೆಲ್ಲ ಚಿತ್ರ ಬೇರೆ. ಒಮ್ಮೆ ಒಂದೇ ದತ್ತಾಂಶದ ಎರಡು ಚಿತ್ರ ಮುಂದಿಟ್ಟುಕೊಂಡು ಯಾವುದು ಸರಿ ಎಂದು ನಾವೇ ವಾದ ಮಾಡಿದ್ದೇವೆ. ಎರಡೂ ಸರಿಯಾಗಿದ್ದವು. ಸೀಡ್ ಎಂಬ ಸಂಖ್ಯೆಯನ್ನು ನಿಗದಿ ಮಾಡಿದರೆ ಚಿತ್ರ ಬದಲಾಗುವುದಿಲ್ಲ. ಆದರೂ ಒಂದು ಚುಕ್ಕೆ ಮೇಲಿದೆ, ಎಡಕ್ಕಿದೆ ಎಂಬುದಕ್ಕೆ ಅರ್ಥವೇನೂ ಇಲ್ಲ. ಕಾಫಿ–ನಿದ್ದೆ ನಡುವೆ ಗೆರೆ ಇದ್ದರೂ, ಕಾಫಿಯಿಂದ ನಿದ್ದೆ ಕೆಟ್ಟಿತೋ, ನಿದ್ದೆಗೆಟ್ಟವರು ಕಾಫಿ ಕುಡಿದರೋ ಎಂಬುದು ಆ ಗೆರೆಯಿಂದ ತಿಳಿಯುವುದಿಲ್ಲ.