ಎರಡು ಕೂಸಿಗೆ ಎಷ್ಟು ಗಾಲಿ?

ಚನ್ನಪಟ್ಟಣದ ಹಳೆಯ ಹೆದ್ದಾರಿಯ ಮಗ್ಗುಲಿನ ಗೊಂಬೆಯಂಗಡಿಯೊಂದರಲ್ಲಿ, ಕಳೆದ ಮಾಘಮಾಸದ ಒಂದು ಪೂರ್ವಾಹ್ನ, ಎರಡೂಕಾಲು ವರ್ಷದ ನನ್ನ ಮೊಮ್ಮಗಳು ಮೂರು ಗಾಲಿಯ ಮರದ ತಳ್ಳುಗಾಡಿಯೊಂದರ ಹಿಡಿಯನ್ನು ಎರಡು ಕೈಗಳಿಂದಲೂ ಬಿಗಿಯಾಗಿ ಹಿಡಿದು, ಅಜ್ಜಿ ಕರೆದರೂ ಬಾರದೆ, ತಾಯಿ ಗದರಿದರೂ ಬಿಡದೆ, ಅಂಗಡಿಯ ಈ ಗೋಡೆಯಿಂದ ಆ ಗೋಡೆಯವರೆಗೆ ಹತ್ತು ಹನ್ನೆರಡು ಸಲ ಅದನ್ನು ತಳ್ಳಿಕೊಂಡು ಹೋಗಿ ಬಂದಾಗ, ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ನಡೆದುಬಂದಿದ್ದ ದೀರ್ಘ ವಿವಾದವೊಂದು ತಾನಾಗಿಯೇ ಇತ್ಯರ್ಥವಾಯಿತು. ಆ ವಿವಾದದಲ್ಲಿ ವಾದ ಹೂಡಿದ್ದವರು ನಾವು ನಾಲ್ವರು ಹಿರಿಯರು. ಗಾಡಿಯಲ್ಲಿ ಕೂರಬೇಕಾಗಿದ್ದವಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಅವಳು ಕೂರಲೊಲ್ಲಳು, ತಳ್ಳಬೇಕೆಂಬುದೇ ಅವಳ ಆಸೆ.

ವಿವಾದದ ಸ್ವರೂಪ ಇಷ್ಟು. ರಾಮನಗರದಲ್ಲಿರುವ ನನ್ನ ಮಗಳಿಗೆ ಈ ಮೊಮ್ಮಗಳಲ್ಲದೆ ಏಳು ತಿಂಗಳ ಗಂಡುಕೂಸೊಂದಿದೆ. ಅಳಿಯ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊರಟರೆ ದೀಪ ಹೊತ್ತಿಸಿದ ಮೇಲೆಯೇ ಹಿಂದಿರುಗುವುದು. ಒಂದನ್ನು ಕಂಕುಳಲ್ಲಿ ಎತ್ತಿಕೊಂಡು ಮತ್ತೊಂದನ್ನು ಕೈಹಿಡಿದು ನಡೆಸಿಕೊಂಡು ತರಕಾರಿಗೆ ಹೋದರೆ, ತರಕಾರಿಯ ಚೀಲವನ್ನು ಹಿಡಿಯುವುದಕ್ಕೆ ಮೂರನೆಯ ಕೈ ಎಲ್ಲಿಂದ ತರಬೇಕು? ಆದುದರಿಂದ ಇಬ್ಬರನ್ನೂ ಒಟ್ಟಿಗೆ ಕೂರಿಸುವ ಜೋಡಿ ಸ್ಟ್ರಾಲರ್ ಬೇಕೆಂಬುದು ಅವಳ ಪಕ್ಷ. ‘ನಿನ್ನನ್ನೂ ನಿನ್ನಣ್ಣನನ್ನೂ ನಾನು ಯಾವ ಗಾಡಿಯಲ್ಲಿಟ್ಟು ಸಾಕಿದೆನೇ?’ ಎಂಬುದು ನನ್ನ ಹೆಂಡತಿಯ ಪಕ್ಷ. ಬೆಂಗಳೂರಿನ ಅಂಗಡಿಯೊಂದರಲ್ಲಿ ಜೋಡಿ ಗಾಡಿಗೆ 11,000 ರೂಪಾಯಿ ಎಂದುದನ್ನು ಕೇಳಿ ಬಂದ ಅಳಿಯನದು ಮೌನಪಕ್ಷ. ನಾನು, ಎಂದಿನಂತೆ, ವಿಷಯವನ್ನು ಇನ್ನಷ್ಟು ಕೂಲಂಕಷವಾಗಿ ವಿಚಾರಿಸಬೇಕೆಂಬ ಪಕ್ಷದವನು.

ಚನ್ನಪಟ್ಟಣಕ್ಕೆ ಹೋದುದು ಗಾಡಿಗಾಗಿ ಅಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಊರಿನಿಂದ ಮೈಸೂರಿನ ಕಡೆಗೆ ಮೂರು ಕಿಲೋಮೀಟರು ದೂರದ ದೊಡ್ಡಮಳೂರಿನಲ್ಲಿ, ಅಪ್ರಮೇಯಸ್ವಾಮಿಯ ಆಲಯದಲ್ಲಿ, ಕೈಯಲ್ಲಿ ಬೆಣ್ಣೆ ಹಿಡಿದು ತೆವಳುತ್ತಿರುವ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಒಪ್ಪಿಸುವ ಹರಕೆಯೊಂದು ನನ್ನ ಹೆಂಡತಿಯ ಲೆಕ್ಕದಲ್ಲಿ ಬಾಕಿಯಿತ್ತು. ಪುರಂದರದಾಸರು ‘ಜಗದೋದ್ಧಾರನ’ ಎಂಬ ಕೀರ್ತನೆಯನ್ನು ಈ ಮೂರ್ತಿಯ ಎದುರಿಗೇ ರಚಿಸಿದರೆಂಬ ಪ್ರತೀತಿಯನ್ನು ಓದುಗರು ಬಲ್ಲರು. ಸಂತಾನಾಪೇಕ್ಷಿಗಳು ತಂದೊಪ್ಪಿಸಿದ ಅಂಗೈಯಗಲದ ಮರದ ತೊಟ್ಟಿಲುಗಳ ರಾಶಿಯನ್ನು ನೋಡುತ್ತ ನಿಂತಾಗ, ಅಷ್ಟೊಂದು ಶ್ರದ್ಧೆಯಿಲ್ಲದ ನನ್ನ ಮನಸ್ಸಿನಲ್ಲಿ ಹಾದುಹೋದ ಯೋಚನೆಯೊಂದನ್ನು ಹೇಳಿಬಿಡುತ್ತೇನೆ: ನಮ್ಮ ಪೂರ್ವಿಕರು ಕೂಸಿಗೆ ತೊಟ್ಟಿಲು ಕೊಟ್ಟರು, ಸೀರೆಯ ಜೋಲಿ ಕೊಟ್ಟರು, ಕಂಕುಳು ಕೊಟ್ಟರು; ಗಾಲಿಯನ್ನು ಮಾತ್ರ ಕೊಡಲಿಲ್ಲ. ಒಮ್ಮೆ ಯಶೋದೆ ಕೂಸನ್ನು ಬಂಡಿಯ ಕೆಳಗೆ ನೆರಳಿಗೆಂದು ಮಲಗಿಸಿ ಹೋದುದಕ್ಕೆ ಅದು ಒದ್ದು ಬಂಡಿಯನ್ನೇ ಮುರಿಯಿತೆಂದು ಭಾಗವತ ಹೇಳುತ್ತದೆ. ಶಕಟಾಸುರನ ಆ ಪ್ರಸಂಗವಾದ ಮೇಲೆ ಯಾವ ತಾಯಿ ತಾನೆ ಮಗುವನ್ನು ಗಾಡಿಗೆ ಒಪ್ಪಿಸಿಯಾಳು?

ಹಿಂದಿರುಗುವಾಗ ಗೊಂಬೆಯಂಗಡಿಯ ಮುಂದೆ ನಿಲ್ಲದೆ ಬರುವ ಹಾಗಿಲ್ಲ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಗಿ, ವಾಹನಗಳೆಲ್ಲ ಊರನ್ನು ಬಳಸಿಕೊಂಡು ಹೊರಗಿನಿಂದಲೇ ಹಾದುಹೋಗತೊಡಗಿದಂದಿನಿಂದ ಈ ಹಳೆಯ ರಸ್ತೆಯ ಅಂಗಡಿಗಳಲ್ಲಿ ಗಿರಾಕಿಗೆ ದೊರೆಯುವ ಉಪಚಾರ ಹೆಚ್ಚಾಗಿದೆ; ಅದು ವ್ಯಾಪಾರ ಇಳಿದುದರ ಲಕ್ಷಣವೆಂದು ತಿಳಿದಾಗ ಆ ಉಪಚಾರವನ್ನು ಸ್ವೀಕರಿಸುವುದಕ್ಕೆ ಸಂಕೋಚವಾಗುತ್ತದೆ. ಅಂಗಡಿಯ ಹಿಂಬದಿಯಲ್ಲಿ ವೃದ್ಧ ಕುಶಲಕರ್ಮಿಯೊಬ್ಬರು ಲೇತಿನ ಮುಂದೆ ಕುಳಿತು ಗಾಲಿ ಕಡೆಯುತ್ತಿದ್ದರು. ತಿರುಗುತ್ತಿರುವ ಆಲೆಮರದ ತುಂಡಿಗೆ ಉಳಿ ತಾಗಿಸಿದೊಡನೆ ಬಿಳಿಯ ಸಿಪ್ಪೆ ಸುರುಳಿಸುರುಳಿಯಾಗಿ ಹಾರಿ ಅವರ ತೊಡೆಯ ಮೇಲೆ ಬೀಳುತ್ತಿತ್ತು. ಬಳಿಕ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ಒತ್ತಿಹಿಡಿದರು. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಅಂಟಿತು. ಕೊನೆಗೆ ಒಣಗಿದ ಉದ್ದನೆಯ ಗರಿಯೊಂದನ್ನು ಅದರ ಮೇಲೆ ಹಿಡಿದೊಡನೆ, ಅಲ್ಲಿಯವರೆಗೆ ಮಂಕಾಗಿದ್ದ ಹಳದಿ, ಅಭ್ಯಂಜನ ಮುಗಿಸಿ ಬಂದವನ ಮುಖದಂತೆ ಹೊಳೆಯಿತು. ಕುಂಚವಿಲ್ಲ, ಬಣ್ಣದ ಡಬ್ಬಿಯಿಲ್ಲ, ಒಣಗುವುದಕ್ಕೆ ಕಾಯಬೇಕಾದುದೂ ಇಲ್ಲ.

ಈ ಕಸುಬಿನ ಇತಿಹಾಸವನ್ನು ಇಲ್ಲಿ ವಿಸ್ತರಿಸುವ ಅಗತ್ಯ ಕಾಣದು. ಟಿಪ್ಪುಸುಲ್ತಾನನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬ ಐತಿಹ್ಯ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಾವಾಸ್ ಮಿಯಾನ್ ಅವರು ಜಪಾನಿನ ಪದ್ಧತಿಯನ್ನು ಇಲ್ಲಿಗೆ ತಂದು ಕಸುಬನ್ನು ತಿದ್ದಿದ ಕಥೆ, 2005–06ರಲ್ಲಿ ಬಂದ ಭೌಗೋಳಿಕ ಸೂಚಕದ ಮುದ್ರೆ, ಇವೆಲ್ಲ ಪ್ರತಿ ದಸರೆಗೂ ಪತ್ರಿಕೆಗಳಲ್ಲಿ ಅಚ್ಚಾಗುವಂಥವು. ಗಾಡಿ ಕೊಳ್ಳುವವರಿಗೆ ತಿಳಿದಿರಬೇಕಾದುದು ಬೇರೊಂದು: 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ, ಭೌಗೋಳಿಕ ಸೂಚಕವುಳ್ಳ ವಸ್ತುಗಳಿಗೂ ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೂ ವಿನಾಯಿತಿ ದೊರೆಯಿತು. ಆದುದರಿಂದ ಮರದ ಗಾಡಿಯ ಅಂಚು ನುಣುಪಾಗಿದೆಯೇ, ಗಾಲಿಯ ಗೂಟ ಭದ್ರವಾಗಿದೆಯೇ ಎಂಬುದನ್ನು ನಮ್ಮ ಬೆರಳುಗಳೇ ಪರೀಕ್ಷಿಸಬೇಕು.

ಮೊಮ್ಮಗಳ ಕೈಯಲ್ಲಿದ್ದ ಗಾಡಿಯನ್ನು ತೋರಿಸಿ ಆ ವೃದ್ಧ ಕುಶಲಕರ್ಮಿಯನ್ನು ನಾನು ಕೇಳಿದ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ‘ಮೂರೇ ಗಾಲಿ ಯಾಕೆ? ನಾಲ್ಕಿದ್ದರೆ ಇನ್ನೂ ಗಟ್ಟಿಯಲ್ಲವೇ?’ ಅವರು ಲೇತನ್ನು ನಿಲ್ಲಿಸಿ, ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದರು. ‘ಸಾರ್, ನಿಮ್ಮನೇಲಿ ಒಲೆಗುಂಡು ಎಷ್ಟಿದ್ವು?’

ಮೂರು! ಎಪ್ಪತ್ತರ ಹೊಸ್ತಿಲಿನಲ್ಲಿರುವ ನನಗೆ, ಸಾವಿರ ಸಲ ಆ ಮೂರು ಗುಂಡುಗಳ ಮುಂದೆ ಚಳಿ ಕಾಯಿಸಿಕೊಂಡಿರುವ ನನಗೆ, ಅದು ಹೊಳೆದಿರಲಿಲ್ಲ. ನಾಲ್ಕು ಗುಂಡಿನ ಮೇಲೆ ಗಡಿಗೆಯಿಟ್ಟರೆ ಒಂದು ಗುಂಡು ತುಸು ತಗ್ಗಾದರೂ ಗಡಿಗೆ ಕುಂಟುತ್ತದೆ. ಮೂರರ ಮೇಲಿಟ್ಟುದು ನೆಲ ಏರುಪೇರಾಗಿದ್ದರೂ ಕುಂಟದೆ ನಿಲ್ಲುತ್ತದೆ. ಯಾವ ಮೂರು ಬಿಂದುಗಳ ಮೂಲಕವೂ ಒಂದು ಸಮತಲ ಹಾದುಹೋಗುತ್ತದೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ರೇಖಾಗಣಿತದ ತತ್ತ್ವವೇ ಅಡುಗೆಮನೆಯಲ್ಲಿ ಹೊಗೆ ಕುಡಿಯುತ್ತ ಕುಳಿತಿತ್ತು. ಅಂದಿನಿಂದ ನನಗೊಂದು ಗೀಳು ಹತ್ತಿತು. ಹಾಲು ಕರೆಯುವವನ ಮುಕ್ಕಾಲು ಮಣೆ, ಫೋಟೋ ತೆಗೆಯುವವರ ಮುಕ್ಕಾಲಿ, ಭೂಮಾಪನ ಇಲಾಖೆಯವರು ಗದ್ದೆಯ ಬದುವಿನಲ್ಲಿ ಊರುವ ಉಪಕರಣ, ಎಲ್ಲಕ್ಕೂ ಮೂರು ಕಾಲು. ನೆಲ ಸಮನಾಗಿರುವುದೆಂಬ ಭರವಸೆಯಿಲ್ಲದ ಕಡೆಗಳಲ್ಲೆಲ್ಲ ಮನುಷ್ಯ ಮೂರನ್ನೇ ನಂಬಿದ್ದಾನೆ. ಹಾಗೆಂದು ಮೂರು ನಿರ್ದೋಷವಾದ ಸಂಖ್ಯೆಯಲ್ಲ. ಆಟೋರಿಕ್ಷಾ ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲುವುದನ್ನು ಬಲ್ಲವರಿಗೆ ಮುಂದಿನ ಒಂಟಿ ಗಾಲಿಯ ಎರಡು ಮಗ್ಗುಲಲ್ಲೂ ಆಧಾರವಿಲ್ಲದ ಜಾಗವೊಂದಿದೆಯೆಂಬುದನ್ನು ವಿವರಿಸಬೇಕಾಗಿಲ್ಲ. ಮೂರು ಕುಂಟುವುದಿಲ್ಲ, ಆದರೆ ಮಗುಚುತ್ತದೆ. ನಾಲ್ಕು ಮಗುಚುವುದು ಕಡಿಮೆ, ಆದರೆ ಕುಂಟುತ್ತದೆ. ಪೇಟೆಯಲ್ಲಿ ದೊರೆಯುವ, ಗಾಳಿ ತುಂಬಿದ ದೊಡ್ಡ ಚಕ್ರಗಳ ಮೂರು ಗಾಲಿಯ ಸ್ಟ್ರಾಲರುಗಳು ಕಿತ್ತುಹೋದ ರಸ್ತೆಯಲ್ಲಿ ಸುಖವಾಗಿ ಸಾಗುವುದಕ್ಕೂ, ಅಷ್ಟೇ ಸುಲಭವಾಗಿ ನಮ್ಮ ಕೈಗೆಟುಕದ ಬೆಲೆಗೇರುವುದಕ್ಕೂ ಹೆಸರಾದವು. ನನ್ನ ಹೆಂಡತಿ ಈ ಮೀಮಾಂಸೆಯನ್ನು ಕೇಳಿ ಕೇಳಿ ಬೇಸತ್ತಿದ್ದಾಳೆ. ಓದುಗರಿಗೂ ಅದೇ ಗತಿ ಬಾರದಿರಲೆಂದು ಇಲ್ಲಿಗೆ ನಿಲ್ಲಿಸುತ್ತೇನೆ.

ಮೊಮ್ಮಗಳು ಅಷ್ಟರಲ್ಲಿ ತಮ್ಮನನ್ನು ಆ ಮರದ ಗಾಡಿಯ ಮೇಲೆ ಕೂರಿಸಬೇಕೆಂದು ಹಠ ಹಿಡಿದಿದ್ದಳು. ವೃದ್ಧರು ಎದ್ದು ಬಂದು ತಡೆದರು: ‘ಬೇಡ ಕಂದಾ, ಇದು ನಿಂತ್ಕೊಳಕ್ಕೆ ಕಲಿಯೋ ಮಕ್ಕಳು ತಳ್ಳೋ ಗಾಡಿ. ಕೂರಿಸ್ಕೊಂಡು ಬೀದೀಗೆ ಹೋಗೋದಲ್ಲ. ಇದಕ್ಕೆ ಬ್ರೇಕಿಲ್ಲ, ಬೆಲ್ಟಿಲ್ಲ.’ ತಮ್ಮ ಸರಕಿನ ಮಿತಿಯನ್ನು ತಾವೇ ಹೇಳಿಕೊಳ್ಳುವ ವ್ಯಾಪಾರಿಗಳು ವಿರಳ. ಮಗುವನ್ನು ನಡುವೆ ಕೂರಿಸಿ ಬಿಡುವ ಪ್ಲಾಸ್ಟಿಕ್ಕಿನ ವಾಕರ್ ಇದಕ್ಕಿಂತ ಸುಧಾರಿತವೆಂದು ಭಾವಿಸಿರುವವರಿಗೆ ಒಂದು ಮಾತು: ಮಗು ಅದರೊಡನೆ ಮೆಟ್ಟಿಲಿನಿಂದ ಉರುಳುವ ಅಪಾಯವನ್ನು ಕಂಡು ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಇನ್ನು ಬೀದಿಗೆ ಒಯ್ಯುವ ನಿಜವಾದ ಗಾಡಿಯ ವಿಚಾರ. 1733ರಲ್ಲಿ ವಿಲಿಯಂ ಕೆಂಟ್ ಎಂಬ ಆಂಗ್ಲ ಶಿಲ್ಪಿ ಡೆವನ್‌ಶೈರಿನ ಡ್ಯೂಕನ ಮಕ್ಕಳಿಗೆಂದು ಕಪ್ಪೆಚಿಪ್ಪಿನಾಕಾರದ ಗಾಡಿಯೊಂದನ್ನು ನಿರ್ಮಿಸಿದನಂತೆ. ಅದನ್ನು ಎಳೆಯತಕ್ಕದ್ದು ಆಡು. ಶ್ರೀಮಂತರ ಆ ವಿನೋದ ನಮ್ಮಂಥವರ ಕೈಗೆ ಬರುವುದಕ್ಕೆ ಇನ್ನೂರು ವರ್ಷಗಳಿಗೂ ಮೀರಿ ಕಾಯಬೇಕಾಯಿತು. ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಗಳ ಚೌಕಟ್ಟಿನ ರಚನೆಯಲ್ಲಿ ದುಡಿದಿದ್ದ ಓವೆನ್ ಮೆಕ್ಲಾರೆನ್ ಎಂಬ ನಿವೃತ್ತ ತಂತ್ರಜ್ಞ, ತನ್ನ ಮಗಳು ಭಾರದ ಗಾಡಿಯೊಂದಿಗೆ ಪಡುತ್ತಿದ್ದ ಪಾಡನ್ನು ನೋಡಿ, 1965ರಲ್ಲಿ ಛತ್ರಿಯಂತೆ ಮಡಿಸಬಹುದಾದ, ಮೂರು ಕಿಲೋಗಿಂತ ಕಡಿಮೆ ತೂಕದ ಅಲ್ಯೂಮಿನಿಯಂ ಗಾಡಿಯನ್ನು ರೂಪಿಸಿದನು. ಮಗಳ ಸಂಕಟ ನೋಡಲಾರದ ತಂದೆಯೆಂಬ ಕಾರಣಕ್ಕೆ ಆತನ ಮೇಲೆ ನನಗೆ ವಿಶೇಷ ಅಭಿಮಾನ. ಆದರೆ ಅಂಥ ಮಡಿಸುವ ಗಾಡಿಯ ಕೀಲುಗಳಲ್ಲಿ ಮಕ್ಕಳ ಬೆರಳು ಸಿಕ್ಕಿಕೊಂಡ ಪ್ರಕರಣಗಳಿಂದಾಗಿ 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಗಾಡಿಗಳ ಕೀಲಿಗೆ ಹೊದಿಕೆ ಹಂಚಬೇಕಾಯಿತೆಂಬುದನ್ನೂ ಮರೆಯಬಾರದು; ಗಾಡಿಯನ್ನು ಬಿಚ್ಚುವಾಗಲೂ ಮಡಿಸುವಾಗಲೂ ಮಗು ಮಾರುದೂರದಲ್ಲಿರಲಿ.

ಜೋಡಿ ಗಾಡಿಗಳಲ್ಲಿ ಎರಡು ಜಾತಿ. ಮಕ್ಕಳು ಅಕ್ಕಪಕ್ಕ ಕೂರುವುದು ಒಂದು, ಒಬ್ಬರ ಹಿಂದೊಬ್ಬರು ಕೂರುವುದು ಮತ್ತೊಂದು. ಅಕ್ಕಪಕ್ಕದ ಗಾಡಿ ಸರಾಗವಾಗಿ ತಿರುಗುತ್ತದೆ, ಅಗ್ಗದಲ್ಲೂ ಸಿಗುತ್ತದೆ. ಆದರೆ ಎರಡೂಕಾಲು ವರ್ಷದ್ದೂ ಏಳು ತಿಂಗಳಿನದೂ ಕೂತರೆ, ಜೋಡಿ ಸರಿಯಿಲ್ಲದ ಎತ್ತು ಕಟ್ಟಿದ ಬಂಡಿಯಂತೆ, ಭಾರವಾದ ಕಡೆಗೇ ಎಳೆಯುತ್ತದೆ. ಹಿಂದೆಮುಂದಿನದು ಇಕ್ಕಟ್ಟಿನಲ್ಲಿ ನುಸುಳುತ್ತದೆ. ಮೂಟೆಯಂತೆ ಭಾರ, ಚರಂಡಿಯ ಚಪ್ಪಡಿ ಹತ್ತಿಸುವಾಗ ಮುಂಭಾಗವನ್ನು ಎತ್ತುವುದೇ ಒಂದು ಸಾಹಸ. ನೆರೆಮನೆಯವರಿಂದ ಅಕ್ಕಪಕ್ಕದ ಗಾಡಿಯೊಂದನ್ನು ಕಡ ತಂದು ನೋಡಿದೆವು. ಅಗಲ 30 ಅಂಗುಲ. ತಲೆಬಾಗಿಲನ್ನು ಹೇಗೋ ದಾಟಿದ ಆ ರಥ ಕಾಂಪೌಂಡಿನ ಚಿಕ್ಕ ಗೇಟಿನಲ್ಲಿ ಸಿಕ್ಕಿಕೊಂಡು, ಒಳಗೂ ಬಾರದೆ ಹೊರಗೂ ಹೋಗದೆ ನಿಂತಿತು; ಒಳಗಿದ್ದ ಇಬ್ಬರೂ ಏಕಕಂಠದಿಂದ ಅತ್ತರು.

ಇನ್ನೊಂದು ಪರೀಕ್ಷೆಯನ್ನು ನಮಗೆ ಒದಗಿಸಿದುದು ಈ ಸೀಮೆಯ ಭೂಗೋಳ. 2007ರಲ್ಲಿ ಹುಟ್ಟಿ 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರಿಟ್ಟುಕೊಂಡ ನಮ್ಮ ಜಿಲ್ಲೆಯಲ್ಲಿ ರಾಮನಗರಕ್ಕೂ ಚನ್ನಪಟ್ಟಣಕ್ಕೂ ರೈಲಿದೆ, ಕನಕಪುರಕ್ಕೂ ಮಾಗಡಿಗೂ ಇಲ್ಲ. ಕನಕಪುರದ ಬೀಗರ ಮನೆಗೋ ಮಾಗಡಿಯ ರಂಗನಾಥನ ತೇರಿಗೋ ಹೋಗಬೇಕಾದರೆ ಬಸ್ಸೇ ಗತಿ. ಬಸ್ಸು ಬಂದು ನಿಂತು, ನಿರ್ವಾಹಕ ಸೀಟಿ ಊದುವಷ್ಟರೊಳಗೆ, ಒಂದು ಕೂಸು ಕಂಕುಳಲ್ಲಿರುವಂತೆಯೇ, ಉಳಿದ ಒಂದು ಕೈಯಿಂದ ಗಾಡಿಯನ್ನು ಮಡಿಸಿ ಮೇಲೆತ್ತಲು ಸಾಧ್ಯವೇ? ಅಂಗಡಿಯವನು ಎರಡು ಕೈಗಳಿಂದ ಮಡಿಸಿ ತೋರಿಸುವುದನ್ನು ನೋಡಿ ಮರುಳಾಗಬಾರದು. ನೀವೇ ಒಂದು ಕೈಯಲ್ಲಿ ಅಕ್ಕಿಚೀಲ ಹಿಡಿದು ಮಡಿಸಿ ನೋಡಿ. ಉಳಿದ ಅಂಶಗಳನ್ನು ಚುಟುಕಾಗಿ ಹೇಳುವುದಾದರೆ, ಭುಜ, ಸೊಂಟ, ತೊಡೆಸಂದು ಸೇರಿ ಐದು ಕಡೆ ಬಿಗಿಯುವ ಪಟ್ಟಿಯಿರಬೇಕು. ಆರು ತಿಂಗಳೊಳಗಿನ ಕೂಸಾದರೆ ಆಸನ ಪೂರ್ತಿ ಮಲಗಬೇಕು. ತಿರುಗುವ ಮುಂಗಾಲಿಗಳನ್ನು ಜಲ್ಲಿಯ ದಾರಿಯಲ್ಲಿ ನೆಟ್ಟಗೆ ನಿಲ್ಲಿಸುವ ಚಿಲಕವಿರಬೇಕು. ಮತ್ತು ತರಕಾರಿಯ ಚೀಲವನ್ನು ಹಿಡಿಗೆ ಎಂದಿಗೂ ತೂಗುಹಾಕಬಾರದು, ಮಗು ಎದ್ದ ಮರುಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ.

ಕೊನೆಗೆ ನಾವು ಜೋಡಿ ಗಾಡಿಯನ್ನು ಕೊಳ್ಳಲಿಲ್ಲ. ಬೆಂಗಳೂರಿನ ಬಂಧುಗಳ ವಠಾರದಲ್ಲಿ, ಮಗು ಬೆಳೆದುದರಿಂದ ಮೂಲೆ ಸೇರಿದ್ದ ಒಂಟಿ ಆಸನದ ಮಡಿಸುವ ಗಾಡಿಯೊಂದು, ಬ್ರೇಕೂ ಪಟ್ಟಿಗಳೂ ಸುಸ್ಥಿತಿಯಲ್ಲಿರುವುದನ್ನು ಪರೀಕ್ಷಿಸಿದ ಮೇಲೆ, 1,800 ರೂಪಾಯಿಗೆ ದೊರೆಯಿತು. ಚನ್ನಪಟ್ಟಣದ ಮರದ ಗಾಡಿಗೆ 650. ಒಂಟಿ ಗಾಡಿಯಲ್ಲಿ ಕೂಸು ಕೂರುತ್ತದೆ. ಅಕ್ಕ ತಾಯಿಯ ಕೈಗಳ ನಡುವೆ ನಿಂತು ಅದೇ ಹಿಡಿಯನ್ನು ತಾನೂ ಹಿಡಿದು ‘ನಾನೇ ತಳ್ತಿದೀನಿ’ ಎಂದು ಬೀದಿಗೆಲ್ಲ ಸಾರುತ್ತ ನಡೆಯುತ್ತಾಳೆ. ದಣಿದರೆ ಅವಳು ಆಸನಕ್ಕೆ, ಅವನು ಕಂಕುಳಿಗೆ. ಚೀಲ ಆಸನದ ಕೆಳಗಿನ ಬುಟ್ಟಿಯಲ್ಲಿ. ಮರದ ಗಾಡಿ ಸದ್ಯಕ್ಕೆ ಪಡಸಾಲೆಯಲ್ಲಿ ಅವಳದು, ಅವನು ಎದ್ದು ನಿಲ್ಲುವ ಹೊತ್ತಿಗೆ ಅವನದಾಗಬೇಕೆಂಬುದು ಒಪ್ಪಂದ. ಅವಳು ಇನ್ನೂ ಒಪ್ಪಿಲ್ಲ.

ಎಳೆಯ ಮಕ್ಕಳಿಬ್ಬರಿರುವ ಓದುಗರಲ್ಲಿ ಒಂದೇ ವಿನಂತಿ: ಅಂಗಡಿಗೆ ಹೊರಡುವ ಮೊದಲು ಟೇಪು ಹಿಡಿದು ನಿಮ್ಮ ಮನೆಯ ಗೇಟನ್ನು ಅಳೆಯಿರಿ. ನಮ್ಮದು 28 ಅಂಗುಲ.